ಕಾದಂಬರಿಯ ತಿದ್ದುಪಡಿ ಎಲ್ಲಿಂದ?

ಪ್ರಶ್ನೆ: 1985ರ ಬೆಂಗಳೂರಿನಲ್ಲಿ ನಡೆಯುವ ಕಾದಂಬರಿಯೊಂದನ್ನು ಬರೆದು ಮುಗಿಸಿದ್ದೇನೆ. ಮೂರು ಸಲ ತಿದ್ದಲು ಕುಳಿತರೂ ಮೊದಲ ಅಧ್ಯಾಯವನ್ನು ದಾಟಲಾಗುತ್ತಿಲ್ಲ. ಪರಿಷ್ಕರಣೆಯನ್ನು ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಕಥೆಯ ಕಟ್ಟಡವನ್ನು ನೋಡುವ ಮೊದಲೇ ನೀವು ಕಾಗುಣಿತಕ್ಕೆ ಕೈಹಾಕಿರುವಂತೆ ತೋರುತ್ತದೆ. ಹಸ್ತಪ್ರತಿಯನ್ನು ಒಂದು ತಿಂಗಳು ಮುಟ್ಟದೆ ಇಟ್ಟು, ಬಳಿಕ ಮುದ್ರಿಸಿಕೊಂಡು, ಪೆನ್ನು ಹಿಡಿಯದೆ ಕೊನೆಯವರೆಗೆ ಓದಿ, ಯಾವ ಅಧ್ಯಾಯವನ್ನು ತೆಗೆದರೂ ಕಥೆಗೆ ನಷ್ಟವಾಗುವುದಿಲ್ಲವೋ ಅದನ್ನು ಗುರುತಿಸಿಕೊಳ್ಳಿ. ಬಹಳ ಸಲ ಅದು ಮೊದಲನೆಯದೇ ಆಗಿರುತ್ತದೆ.

ವಾಕ್ಯಗಳ ಸರದಿ ಅನಂತರದ್ದು. ನೀವು ಕಳುಹಿಸಿರುವ ಪುಟದಲ್ಲಿ ‘ಅವಳು ಅತೀವ ದುಃಖದಿಂದ, ಭಾರವಾದ ಮನಸ್ಸಿನಿಂದ ಬಾಗಿಲು ಹಾಕಿದಳು’ ಎಂದಿದೆ. ‘ಚಿಲಕ ಹಾಕಿದವಳು ಮತ್ತೆ ತೆಗೆದು ಬೀದಿ ನೋಡಿದಳು’ ಎಂದರೆ ದುಃಖವೆಂಬ ಮಾತೇ ಬೇಕಾಗುವುದಿಲ್ಲ. ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ಮಂಡ್ಯದ ಅಜ್ಜಿ ಪಠ್ಯಪುಸ್ತಕದ ಕನ್ನಡ ಆಡುತ್ತಿದ್ದರೆ ಅದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಕಾಲದ ವಿವರಗಳಿಗೆ ಪ್ರತ್ಯೇಕ ಓದು ಬೇಕು. ನಿಮ್ಮ ನಾಯಕ ಗಾಂಧಿಬಜಾರಿನಲ್ಲಿ ಬಿಎಂಟಿಸಿ ಬಸ್ಸು ಹತ್ತುತ್ತಾನೆ. ಆ ಸಂಸ್ಥೆ ಹುಟ್ಟಿದ್ದು 1997ರಲ್ಲಿ, 1985ರಲ್ಲಿ ಊರಿನ ಬಸ್ಸಿಗೆ ಜನ ಹೇಳುತ್ತಿದ್ದ ಹೆಸರು ಬಿಟಿಎಸ್. (ಇಂಥದೇ ತಪ್ಪಿಗೆ, ಪುಸ್ತಕ ಅಚ್ಚಾದ ಮೇಲೆ, ನಾನೂ ಓದುಗರಿಂದ ಬೈಸಿಕೊಂಡಿದ್ದೇನೆ.)

ಕರಡಚ್ಚು ತಿದ್ದುವುದು ಕೊನೆಯ ಕೆಲಸ. ಪಠ್ಯವನ್ನು ‘ನುಡಿ’ ತಂತ್ರಾಂಶದ ಅಕ್ಷರಶೈಲಿಯಿಂದ ಯೂನಿಕೋಡಿಗೆ ಪರಿವರ್ತಿಸಿದ್ದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿರಬಹುದು. ಅದನ್ನು ಮಾತ್ರ ನೀವೇ ನೋಡದೆ, ಕಥೆ ಗೊತ್ತಿಲ್ಲದ ಮತ್ತೊಬ್ಬರಿಂದ ಓದಿಸಿ.