ಅಶ್ಶೂರ್ಯರು ದೇವರ ಕೋಲಾಗಿದ್ದರೆ ಅವರಿಗೇಕೆ ಶಿಕ್ಷೆ?

ಇಸ್ರಾಯೇಲ್ಯರನ್ನು ದಂಡಿಸಲು ದೇವರೇ ಅಶ್ಶೂರ್ಯರನ್ನು, ಅಂದರೆ ಈಗಿನ ಉತ್ತರ ಇರಾಕಿನಲ್ಲಿದ್ದ ಸಾಮ್ರಾಜ್ಯದವರನ್ನು, ಕಳಿಸಿದ ಎಂದು ಬೈಬಲಿನ ಪ್ರವಾದಿಗಳು ಹೇಳುತ್ತಾರೆ. ಆಮೇಲೆ ಅದೇ ಅಶ್ಶೂರ್ಯರಿಗೂ ನಾಶ ಕಾದಿದೆ ಎನ್ನುತ್ತಾರೆ. ಕಳಿಸಿದವನೇ ಶಿಕ್ಷೆ ಕೊಟ್ಟರೆ ಅನ್ಯಾಯ ಅಲ್ವಾ ಎಂದು ನೀವು ಕೇಳಿದ್ದೀರಿ. ಹಳೆ ಒಡಂಬಡಿಕೆಯ ಪ್ರವಾದಿಗಳನ್ನು ಮತ್ತೆ ಮತ್ತೆ ಓದುವವನಾಗಿ ಹೇಳುತ್ತೇನೆ, ಇದು ಕೇಳಲೇಬೇಕಾದ ಪ್ರಶ್ನೆ.

ಉತ್ತರ ಪ್ರವಾದಿ ಯೆಶಾಯನ ಪುಸ್ತಕದ 10ನೇ ಅಧ್ಯಾಯದಲ್ಲೇ ಇದೆ. 5ನೇ ವಚನದಲ್ಲಿ ದೇವರು ಅಶ್ಶೂರವನ್ನು ತನ್ನ ಕೋಪದ ಕೋಲು ಎನ್ನುತ್ತಾನೆ. ಎಲ್ಲರಿಗೂ ನೆನಪಿರುವುದು ಇದೇ. ಇನ್ನೆರಡು ವಚನ ಮುಂದೆ ಹೋಗಿ. ಅಶ್ಶೂರದ ಅರಸ ಹಾಗೆ ಯೋಚಿಸಿಯೇ ಇಲ್ಲ, ಅವನ ಮನಸ್ಸಿನಲ್ಲಿದ್ದದ್ದು ಜನಾಂಗಗಳನ್ನು ನಿರ್ಮೂಲ ಮಾಡುವುದಷ್ಟೇ ಎಂದು 7ನೇ ವಚನ ಹೇಳುತ್ತದೆ. ಅಂದರೆ ಅವನು ಯಾರ ಅಪ್ಪಣೆಯನ್ನೂ ಪಾಲಿಸಲು ಹೊರಟವನಲ್ಲ. ಕಪ್ಪಕಾಣಿಕೆ, ಕೊಳ್ಳೆ, ಹೆಸರು, ಇವಕ್ಕಾಗಿ ಬಂದವನು. ಹಕ್ಕಿಗೂಡಿನಿಂದ ಮೊಟ್ಟೆ ಎತ್ತಿಕೊಂಡ ಹಾಗೆ ದೇಶಗಳನ್ನು ಬಾಚಿಕೊಂಡೆ, ಒಂದು ರೆಕ್ಕೆಯೂ ಅಲುಗಲಿಲ್ಲ ಎಂದು ಅವನೇ ಜಂಬ ಕೊಚ್ಚಿಕೊಳ್ಳುತ್ತಾನೆ. ಕಡಿಯುವವನ ಮುಂದೆ ಕೊಡಲಿ ಕೊಚ್ಚಿಕೊಳ್ಳಬಹುದೇ ಎಂದು ಪ್ರವಾದಿ 15ನೇ ವಚನದಲ್ಲಿ ಕೇಳುತ್ತಾನೆ. ಶಿಕ್ಷೆ ಬರುವುದು ಆ ಉದ್ದೇಶಕ್ಕೆ, ಆ ಸೊಕ್ಕಿಗೆ.

ಸ್ವಲ್ಪ ಇತಿಹಾಸ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕ್ರಿ.ಪೂ. 745ರಲ್ಲಿ ಮೂರನೇ ತಿಗ್ಲತ್ಪಿಲೆಸರ್ ಪಟ್ಟಕ್ಕೆ ಬಂದ ಮೇಲೆ ಅಶ್ಶೂರ ಭಾರೀ ವೇಗದಲ್ಲಿ ಬೆಳೆಯಿತು. ಆಗ ಇಸ್ರಾಯೇಲ್ಯರದು ಎರಡು ರಾಜ್ಯ, ಉತ್ತರದಲ್ಲಿ ಇಸ್ರಾಯೇಲ್, ದಕ್ಷಿಣದಲ್ಲಿ ಯೆಹೂದ. ಇಸ್ರಾಯೇಲ್ ಮತ್ತು ದಮಸ್ಕದ ಅರಸರು ಸೇರಿ ಯೆಹೂದದ ಮೇಲೆ ಬಿದ್ದಾಗ, ಯೆಹೂದದ ಅರಸ ಆಹಾಜ ದೇವಾಲಯದ ಬೆಳ್ಳಿಬಂಗಾರವನ್ನೇ ತೆಗೆದು ಈ ತಿಗ್ಲತ್ಪಿಲೆಸರನಿಗೆ ಕಳಿಸಿ, ನಾನು ನಿನ್ನ ದಾಸ, ನಿನ್ನ ಮಗ, ಬಂದು ಕಾಪಾಡು ಎಂದು ಬೇಡಿಕೊಂಡ. ಬೇಡ ಅಂತ ಯೆಶಾಯ ಎಷ್ಟೋ ಹೇಳಿ ನೋಡಿದ. ಆಹಾಜ ಕೇಳಲಿಲ್ಲ. ಆಗಲೇ ಯೆಶಾಯ ಅಶ್ಶೂರದ ಅರಸನನ್ನು ನದಿಯಾಚೆಯಿಂದ ಬಾಡಿಗೆಗೆ ತಂದ ಕ್ಷೌರದ ಕತ್ತಿ ಎಂದ. ನಿಮ್ಮ ತಲೆ, ಗಡ್ಡ ಎಲ್ಲವನ್ನೂ ಬೋಳಿಸಿಬಿಡುತ್ತದೆ ಎಂದ. ನನ್ನ ಮಟ್ಟಿಗೆ ಪ್ರವಾದಿಗಳ ನ್ಯಾಯತೀರ್ಪು ಅಂದರೆ ಮುಖ್ಯವಾಗಿ ಇದೇ. ಆಕಾಶದಿಂದ ಸುಮ್ನೆ ಬಿದ್ದ ಸಿಡಿಲಲ್ಲ, ತಾವೇ ದುಡ್ಡು ಕೊಟ್ಟು ಕರೆಸಿಕೊಂಡದ್ದು.

ದಮಸ್ಕ ಕ್ರಿ.ಪೂ. 732ರಲ್ಲಿ ಬಿತ್ತು. ಹತ್ತು ವರ್ಷದಲ್ಲಿ ಉತ್ತರದ ಇಸ್ರಾಯೇಲಿನ ರಾಜಧಾನಿ ಸಮಾರ್ಯವೂ ಹೋಯಿತು. ಅಲ್ಲಿಂದ 27,290 ಜನರನ್ನು ಸಾಗಿಸಿದೆ ಎಂದು ಅಶ್ಶೂರದ ಅರಸ ಸರ್ಗೋನ್ ತನ್ನ ಶಾಸನದಲ್ಲಿ ಬರೆಸಿದ್ದಾನೆ. ಕ್ರಿ.ಪೂ. 701ರಲ್ಲಿ ಅವನ ಮಗ ಸನ್ಹೇರೀಬ ಯೆಹೂದಕ್ಕೆ ನುಗ್ಗಿದ. 46 ಕೋಟೆ ಊರುಗಳನ್ನು ಹಿಡಿದೆ, ಯೆಹೂದದ ಅರಸ ಹಿಜ್ಕೀಯನನ್ನು ಅವನ ರಾಜಧಾನಿ ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಎಂದು ಅವನ ಶಾಸನ ಹೇಳುತ್ತದೆ. ಯೆರೂಸಲೇಮನ್ನು ಗೆದ್ದೆ ಎಂದು ಮಾತ್ರ ಅದರಲ್ಲಿ ಎಲ್ಲೂ ಇಲ್ಲ.

ಆ 46ರಲ್ಲಿ ಲಾಕೀಷ್ ಒಂದು. ಅದರ ಮುತ್ತಿಗೆಯನ್ನು ಸನ್ಹೇರೀಬ ತನ್ನ ರಾಜಧಾನಿ ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳ ಫೋಟೋ ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ, ನಿಧಾನವಾಗಿ ನೋಡಿ. ಇಳಿಜಾರು ದಿಬ್ಬ ಕಟ್ಟಿ ಕೋಟೆ ಒಡೆಯುವ ಯಂತ್ರಗಳನ್ನು ಮೇಲೆ ತಳ್ಳುತ್ತಿದ್ದಾರೆ. ಒಂದು ಕಡೆ ಮೂವರನ್ನು ಶೂಲಕ್ಕೆ ಏರಿಸಿದ್ದಾರೆ. ಇನ್ನೊಂದು ಕಡೆ ಎತ್ತಿನ ಗಾಡಿ, ಅದರ ಮೇಲೆ ಗಂಟುಮೂಟೆ, ಅದರ ಮೇಲೆ ಹೆಂಗಸರು ಮಕ್ಕಳು. ಮನೆಮಠ ಬಿಟ್ಟು ಹೋಗುತ್ತಿರುವ ಸಂಸಾರ ಅದು. ಇವನ್ನೆಲ್ಲ ಸಿಂಹಾಸನದ ಮೇಲೆ ಕೂತು ಅರಸ ನೋಡುತ್ತಿದ್ದಾನೆ. ಇದನ್ನು ಕೆತ್ತಿಸಿ ಗೋಡೆಗೆ ಹಾಕಿಸಿಕೊಂಡವನು ತಾನು ಬರೀ ಹೇಳಿದ ಕೆಲಸ ಮಾಡಿದೆ ಅಂತ ವಾದಿಸಲು ಸಾಧ್ಯವೇ? ಅವನಿಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಇನ್ನೊಂದು ವಿಷಯ. ತನ್ನ ಜನರ ಮೇಲೆ ಸಿಟ್ಟಾದ ದೇವರು ಅವರನ್ನು ಶತ್ರುವಿನ ಕೈಗೆ ಒಪ್ಪಿಸುತ್ತಾನೆ ಎಂಬ ಯೋಚನೆ ಇಸ್ರಾಯೇಲ್ಯರಲ್ಲಿ ಮಾತ್ರ ಇದ್ದದ್ದಲ್ಲ. ಪಕ್ಕದ ಮೋವಾಬಿನ ಅರಸ ಮೇಷ ಅದಕ್ಕೂ ನೂರು ವರ್ಷಕ್ಕಿಂತ ಮೊದಲೇ, ಕೆಮೋಷ್ ದೇವರು ತನ್ನ ನಾಡಿನ ಮೇಲೆ ಕೋಪಗೊಂಡಿದ್ದರಿಂದ ಇಸ್ರಾಯೇಲಿನ ಅರಸ ಒಮ್ರಿ ಮೋವಾಬನ್ನು ಬಹುಕಾಲ ಕಾಡಿದ ಎಂದು ಕಲ್ಲಿನಲ್ಲಿ ಬರೆಸಿದ್ದಾನೆ. ಪ್ರವಾದಿಗಳು ಸೇರಿಸಿದ್ದು ಎರಡು. ಒಂದು, ಆ ಕೋಪಕ್ಕೆ ಕಾರಣ. ಬಡವನನ್ನು ಒಂದು ಜೊತೆ ಚಪ್ಪಲಿಗೆ ಮಾರಿಬಿಟ್ಟಿರಿ ಎಂದು ಪ್ರವಾದಿ ಆಮೋಸ ಬೈಯುತ್ತಾನೆ. ಎರಡನೆಯದು ನೀವು ಕೇಳಿದ್ದೇ: ಹೊಡೆದ ಕೋಲೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂಬುದು.

ಇಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವ ಒಂದು ದೃಶ್ಯವಿದೆ. ಎರಡನೆಯ ಅರಸುಗಳ 18ನೇ ಅಧ್ಯಾಯದಲ್ಲಿ ಸನ್ಹೇರೀಬನ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಗೋಡೆಯ ಕೆಳಗೆ ನಿಂತು ಕೂಗುತ್ತಾನೆ. ನಿಮ್ಮ ದೇವರೇ ಈ ದೇಶವನ್ನು ಹಾಳುಮಾಡು ಎಂದು ನನ್ನನ್ನು ಕಳಿಸಿದ್ದಾನೆ ಎನ್ನುತ್ತಾನೆ. ಮಾತು ಯೆಶಾಯನದ್ದೇ ಇದ್ದ ಹಾಗಿದೆ. ಆದರೆ ಅದೇ ಬಾಯಲ್ಲಿ, ಅಶ್ಶೂರ ಆಗಲೇ ಗೆದ್ದಿದ್ದ ಊರುಗಳ ಹೆಸರೆತ್ತಿ, ಹಮಾತಿನ ದೇವರುಗಳು ಎಲ್ಲಿ, ಅರ್ಪಾದಿನ ದೇವರುಗಳು ಎಲ್ಲಿ, ನಿಮ್ಮ ದೇವರು ಮಾತ್ರ ನಿಮ್ಮನ್ನು ಉಳಿಸುತ್ತಾನಾ ಎಂದೂ ಕೇಳುತ್ತಾನೆ. ಆಗ ಯೆಶಾಯ ಅವನ ಪಕ್ಷ ವಹಿಸುವುದಿಲ್ಲ. ಹೆದರಬೇಡ, ಅವನು ಈ ಪಟ್ಟಣದೊಳಗೆ ಕಾಲಿಡುವುದಿಲ್ಲ ಎಂದು ಹಿಜ್ಕೀಯನಿಗೆ ಹೇಳಿಕಳಿಸುತ್ತಾನೆ.

ಇದು ದೇವರ ಶಿಕ್ಷೆ ಎಂಬ ಮಾತನ್ನು ಯಾರು, ಯಾರಿಗೆ, ಎಲ್ಲಿ ನಿಂತು ಹೇಳುತ್ತಾರೆ ಎಂಬುದು ಪ್ರವಾದಿಗಳಲ್ಲಿ ಬಹಳ ದೊಡ್ಡ ವಿಷಯ. ಪ್ರವಾದಿ ಮೀಕನ ಊರು ಮೋರೆಷೆತ್ ಲಾಕೀಷ್ ಇರುವ ಸೀಮೆಯಲ್ಲೇ ಇತ್ತು. ಅವನು ಸಾರಿದ ನಾಶ ಅವನದೇ ನೆರೆಹೊರೆಯದು. ಅದನ್ನು ಹೇಳುವಾಗ ಬಟ್ಟೆ ಕಳಚಿ, ಬರಿಗಾಲಲ್ಲಿ ಗೋಳಾಡುತ್ತೇನೆ ಎನ್ನುತ್ತಾನೆ. ಆಮೋಸ ಬರಲಿರುವ ವಿಪತ್ತನ್ನು ದರ್ಶನದಲ್ಲಿ ಕಂಡು, ಕರ್ತನೇ ಕ್ಷಮಿಸು, ಯಾಕೋಬನು (ಅಂದರೆ ಇಸ್ರಾಯೇಲ್) ಹೇಗೆ ಉಳಿದಾನು, ಅವನು ಅಲ್ಪನು ಎಂದು ಬೇಡುತ್ತಾನೆ. ಗೆದ್ದವನು ಸೋತವನ ಎದೆಯ ಮೇಲೆ ಕಾಲಿಟ್ಟು ಇದೇ ಮಾತಾಡಿದರೆ ಪ್ರವಾದಿಗಳು ಅದನ್ನು ದೂಷಣೆ ಎಂದೇ ಕರೆದರು. ಹಾಗಾಗಿ ಈ ವಚನಗಳನ್ನು ಹಿಡಿದುಕೊಂಡು ಇಂದಿನ ಯಾವುದೋ ಯುದ್ಧದಲ್ಲೋ ಭೂಕಂಪದಲ್ಲೋ ಸತ್ತವರಿಗೆ ಇದು ತಕ್ಕ ಶಾಸ್ತಿ ಎನ್ನುವವರು ರಬ್ಷಾಕೆಯ ಸಾಲಿನಲ್ಲಿ ನಿಲ್ಲುತ್ತಾರೆ, ಯೆಶಾಯನ ಸಾಲಿನಲ್ಲಲ್ಲ.

ಸನ್ಹೇರೀಬನನ್ನು ಕ್ರಿ.ಪೂ. 681ರಲ್ಲಿ ಸ್ವಂತ ಮಕ್ಕಳೇ ಕೊಂದರು ಎಂದು ಅರಸುಗಳ ಪುಸ್ತಕ ಹೇಳುತ್ತದೆ. 612ರಲ್ಲಿ ಬಾಬೆಲಿನವರು ಮತ್ತು ಮೇದ್ಯರು ಸೇರಿ ನಿನೆವೆಯನ್ನು ನೆಲಸಮ ಮಾಡಿದರು. ಪ್ರವಾದಿ ನಹೂಮನ ಪುಸ್ತಕದ ಮೂರು ಅಧ್ಯಾಯ ಪೂರ್ತಿ ಈ ಪತನದ ಬಗ್ಗೆಯೇ. ಅದನ್ನು ಓದಿದರೆ ದೇವರಿಗೆ ಅಶ್ಶೂರ್ಯರ ಮೇಲೆ ದ್ವೇಷವೇ ಇತ್ತೇನೋ ಅನ್ನಿಸಬಹುದು. ಆದರೆ ಅದರ ಜೊತೆಗೆ ಯೋನನ ಪುಸ್ತಕವೂ ಇದೆ. ಅಲ್ಲಿ ದೇವರು ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ಇದೇ ನಿನೆವೆಗಾಗಿ ಮರುಗುತ್ತಾನೆ. ಯೆಶಾಯ 19ನೇ ಅಧ್ಯಾಯದ ಕೊನೆಯಲ್ಲಂತೂ ಐಗುಪ್ತದಿಂದ (ಈಜಿಪ್ಟಿನಿಂದ) ಅಶ್ಶೂರಕ್ಕೆ ರಾಜಮಾರ್ಗ ಆಗುತ್ತದೆ, ಎರಡೂ ದೇಶದವರು ಕೂಡಿ ಆರಾಧಿಸುತ್ತಾರೆ ಎಂದಿದೆ. ಅಲ್ಲಿ ದೇವರು ಐಗುಪ್ತವನ್ನು ನನ್ನ ಪ್ರಜೆ ಎಂದೂ, ಇಸ್ರಾಯೇಲನ್ನು ನನ್ನ ಸ್ವಾಸ್ತ್ಯ (ಸ್ವಂತ ಆಸ್ತಿ) ಎಂದೂ ಕರೆದು ಹರಸುತ್ತಾನೆ. ಅದೇ ಉಸಿರಿನಲ್ಲಿ ಅಶ್ಶೂರವನ್ನು ತನ್ನ ಕೈಕೆಲಸ ಎಂದು ಕರೆಯುತ್ತಾನೆ.