ಓದಿದ್ದು ಸಾಕು, ಈಗ ಒಪ್ಪಿಸಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆಯವೇ. ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ದೊಡ್ಡವರಾದ ಮೇಲೆ ಕಲಿಯಲು ಕೂತವರ ಜೊತೆ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಅದಕ್ಕೇ ಸ್ವಲ್ಪ ಬೇಸರ, ಸ್ವಲ್ಪ ಸಿಟ್ಟು ಎರಡೂ ಇವೆ. ಮೊಬೈಲ್ ದೂರ ಇಡಿ, ಬೆಳಕು ಚೆನ್ನಾಗಿರಲಿ ಅನ್ನುವುದನ್ನೆಲ್ಲ ನಾನು ಬರೆಯುವುದಿಲ್ಲ. ಅದು ನಿಮಗೇ ಗೊತ್ತು.

ಪ್ರಶ್ನೆ: ನನಗೆ 57. ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದು ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ.ಗೆ ಸೇರಿದ್ದೇನೆ. ದಿನಾ ಬೆಳಿಗ್ಗೆ ಮೂರು ಗಂಟೆ ಓದುತ್ತೇನೆ, ಹೈಲೈಟರ್‌ನಿಂದ ಗುರುತು ಹಾಕುತ್ತೇನೆ. ಓದುವಾಗ ಎಲ್ಲ ಅರ್ಥವಾಗುತ್ತದೆ. ವಾರ ಕಳೆದರೆ ತಲೆ ಖಾಲಿ. ಇದು ವಯಸ್ಸಿನ ದೋಷವೇ? ಒಂದೆಲಗದ ಮಾತ್ರೆ ತಗೊಳ್ಳಬಹುದೇ? – ಹಾಸನದ ಓದುಗರು

ಒಂದೆಲಗದ ತಂಬುಳಿ ಊಟಕ್ಕೆ ಚೆನ್ನಾಗಿರುತ್ತದೆ. ಮಾತ್ರೆಯ ದುಡ್ಡು ಉಳಿಸಿ.

ವಯಸ್ಸಿನ ವಿಷಯ ಮೊದಲು ಮುಗಿಸೋಣ. ಐವತ್ತು ದಾಟಿದ ಮೇಲೆ ಮಿದುಳಿನ ವೇಗ ಕಡಿಮೆಯಾಗುವುದು ನಿಜ. ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲುತ್ತವೆ. ಆದರೆ ಶಬ್ದಸಂಪತ್ತು ಅಷ್ಟು ಬೇಗ ಕರಗುವುದಿಲ್ಲ. ಕನ್ನಡ ಎಂ.ಎ.ಗೆ ಬೇಕಾಗಿರುವುದು ಅದೇ ತಾನೇ? ನಿಮ್ಮ ತೊಂದರೆ ಇಪ್ಪತ್ತರ ಹುಡುಗರಿಗೂ ಇದೆ. ಅವರು ಅದನ್ನು ವಯಸ್ಸಿನ ತಲೆಗೆ ಕಟ್ಟುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಪುಕ್ಕಲಿ. ಓದಿದ್ದು ಮರೆಯುವುದು ಬೇರೆ. ದಿನಾ ಓಡಾಡುವ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ದುಡ್ಡಿನ ಲೆಕ್ಕ ಗೊಂದಲವಾಗುವುದು ಬೇರೆ. ಅಂಥದ್ದು ಇದ್ದರೆ ನನಗೆ ಪತ್ರ ಬರೆಯಬೇಡಿ, ವೈದ್ಯರ ಹತ್ತಿರ ಹೋಗಿ. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಇನ್ನು ನಿಮ್ಮ ಹೈಲೈಟರ್. ಅದನ್ನು ಮೊಮ್ಮಕ್ಕಳಿಗೆ ಕೊಟ್ಟುಬಿಡಿ, ಸಾರ್. 'ಓದುವಾಗ ಎಲ್ಲ ಅರ್ಥವಾಗುತ್ತದೆ' ಎಂದು ಬರೆದಿದ್ದೀರಲ್ಲ, ಮೋಸ ಆಗುತ್ತಿರುವುದು ಅಲ್ಲೇ. ಪುಸ್ತಕ ಕಣ್ಣಮುಂದೆ ಇದ್ದಾಗ ಯಾರಿಗೆ ಅರ್ಥವಾಗುವುದಿಲ್ಲ? ಎರಡನೇ ಸಲ ಓದಿದಾಗ ಪುಟ ಪರಿಚಯದ ಮುಖದ ಹಾಗೆ ಕಾಣುತ್ತದೆ. ಆ ಪರಿಚಯವನ್ನೇ ನಾವು ಕಲಿಕೆ ಅಂದುಕೊಳ್ಳುತ್ತೇವೆ.

ನಾನೂ ಈ ಹಳ್ಳಕ್ಕೆ ಬಿದ್ದವಳೇ. ಮಗನಿಗೆ ತೆಲುಗು ಹುಡುಗಿ ತಂದುಕೊಂಡೆವು. ಐವತ್ತೊಂದರಲ್ಲಿ ತೆಲುಗು ಕಲಿಯಲು ಕೂತೆ. ಎರಡೂ ಲಿಪಿಗಳು ಅಕ್ಕತಂಗಿಯರ ಹಾಗೆ. ಎರಡು ವಾರಕ್ಕೆ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಎಲ್ಲ ಓದುತ್ತಿದ್ದೆ. ಮನೆಯಲ್ಲಿ ಜಂಬ ಬೇರೆ. ಆಮೇಲೆ ಬೀಗಿತ್ತಿ ಬಂದರು. 'ಊಟ ಆಯ್ತಾ' ಅಂತ ಕೇಳಲು ಬಾಯಿ ತೆರೆದೆ, ಒಂದು ಅಕ್ಷರ ಹೊರಡಲಿಲ್ಲ. ಅವರೇ ಪಾಪ ಕನ್ನಡದಲ್ಲಿ ಕೇಳಿದರು. ಕಂಡರೆ ಗುರುತು ಹಿಡಿಯುವುದನ್ನು ಕಲಿತಿದ್ದೆ. ಕೇಳಿದರೆ ಹೇಳುವುದನ್ನು ಕಲಿತಿರಲಿಲ್ಲ.

ನಮ್ಮ ಹಿಂದಿನವರಿಗೆ ಇದಕ್ಕೊಂದು ಮಾತಿತ್ತು: ಒಪ್ಪಿಸುವುದು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನ ಮುಂದೆ ಕೂತು ಮಗ್ಗಿ ಒಪ್ಪಿಸಬೇಕು. ಶಾಲೆಯಲ್ಲಿ ಪದ್ಯ ಒಪ್ಪಿಸಬೇಕು. ಪುಸ್ತಕ ಮೇಷ್ಟ್ರ ಕೈಯಲ್ಲಿ ಇರುತ್ತಿತ್ತು, ನಮ್ಮ ಕೈಯಲ್ಲಿ ಅಲ್ಲ. ನಾವು ದೊಡ್ಡವರಾದ ಮೇಲೆ ಓದುವುದನ್ನು ಉಳಿಸಿಕೊಂಡೆವು, ಒಪ್ಪಿಸುವುದನ್ನು ಬಿಟ್ಟೆವು. (ಉರು ಹೊಡೆಯಿರಿ ಅನ್ನುತ್ತಿಲ್ಲ. ಅರ್ಥ ಗೊತ್ತಿಲ್ಲದ್ದನ್ನು ಒಪ್ಪಿಸುವುದು ಗಿಳಿಪಾಠ.)

ಅಜ್ಜನ ಕಾಲದ ಮಾತು ಅಂತ ಮೂಗು ಮುರಿಯುವವರಿಗೆ ಲೆಕ್ಕವೂ ಇದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಸೂರ್ಯ, ಸಮುದ್ರದ ನೀರುನಾಯಿ ಇಂಥ ವಿಷಯಗಳ ಬಗ್ಗೆ ಸಣ್ಣ ಪಾಠ ಕೊಟ್ಟರು. ಕೆಲವು ಪಾಠಗಳನ್ನು ಎರಡನೇ ಸಲ ಓದಿಸಿದರು. ಇನ್ನು ಕೆಲವನ್ನು ಓದಿಸಲಿಲ್ಲ, ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಚೆನ್ನಾಗಿ ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದರಲ್ಲಿ ಉಳಿದಿದ್ದು ಶೇ 42, ಒಂದು ಸಲ ಓದಿ ಬರೆದಿದ್ದರಲ್ಲಿ ಶೇ 56. ಮತ್ತೆ ಓದುವುದರ ಸುಖ ಐದು ನಿಮಿಷದ್ದು.

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು? ಮೂರು ಗಂಟೆ ಬೇಡ, ಒಂದೂವರೆ ಸಾಕು. ನಾಲ್ಕೈದು ಪುಟ ಓದಿ. ಪುಸ್ತಕ ಮುಚ್ಚಿ. ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ನೆನಪಿದ್ದಷ್ಟು ಬರೆಯಿರಿ. ಮೊದಲ ವಾರ ಮೂರು ಸಾಲಿಗೆ ಪೆನ್ನು ನಿಲ್ಲುತ್ತದೆ, ಅವಮಾನ ಆಗುತ್ತದೆ. ಅಲ್ಲೇ ಪುಸ್ತಕ ತೆಗೆಯಲು ಕೈ ಹೋಗುತ್ತದೆ. ತೆಗೆಯಬೇಡಿ. ಇನ್ನೈದು ನಿಮಿಷ ತಿಣುಕಿ. ಆ ತಿಣುಕಾಟದಲ್ಲೇ ನೆನಪು ಗಟ್ಟಿಯಾಗುವುದು. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುದಿನ ಹೊಸ ಪಾಠಕ್ಕೆ ಹೋಗುವ ಮುಂಚೆ ನಿನ್ನೆಯದನ್ನು ಬಾಯಲ್ಲಿ ಹೇಳಿ. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕೇಳಲು ಮನೆಯವರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಗೋಡೆಯೂ ಆಗುತ್ತದೆ.

ಒಪ್ಪಿಸುವಾಗ 'ಏನು' ಜೊತೆಗೆ 'ಯಾಕೆ' ಕೇಳಿಕೊಳ್ಳಿ. ನಿಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಹಲ್ಮಿಡಿ ಶಾಸನ ಬೇಲೂರು ತಾಲ್ಲೂಕಿನದು, ಸುಮಾರು ಕ್ರಿ.ಶ. 450ರದ್ದು ಅಂತ ಗುರುತು ಹಾಕಿರುತ್ತೀರಿ. ಅದರಲ್ಲಿ ಊರಿನ ಹೆಸರು 'ಪ'ದಿಂದ ಶುರುವಾಗುತ್ತದೆ, ನಾವು 'ಹ' ಅನ್ನುತ್ತೇವೆ. ಯಾಕೆ? ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಅದೇ ದಾರಿಯಲ್ಲಿ ಊರೂ ಹೋಯಿತು. ಇದನ್ನು ನೀವೇ ಒಮ್ಮೆ ಬಾಯಿಬಿಟ್ಟು ವಿವರಿಸಿ ನೋಡಿ. ಶಾಸನವೂ ನೆನಪಿರುತ್ತದೆ, ಭಾಷೆಯ ಪಾಠದ ಅರ್ಧ ಅಧ್ಯಾಯವೂ ನೆನಪಿರುತ್ತದೆ.

ಅಂದಹಾಗೆ, 'ಆತ್ಮಾವಲೋಕನ ಹೇಗೆ ಮಾಡಬೇಕು ಮೇಡಂ' ಅಂತ ಕೇಳುವವರಿಗೂ ನನ್ನ ಉತ್ತರ ಇದೇ. ಕಣ್ಣು ಮುಚ್ಚಿ ಕೂರುವುದು ಆಮೇಲೆ. ಮೊದಲು ಪುಸ್ತಕ ಮುಚ್ಚಿ, ನನಗೆ ನಿಜಕ್ಕೂ ಎಷ್ಟು ಗೊತ್ತು ಅಂತ ನೋಡಿಕೊಳ್ಳಿ.

ಪ್ರಶ್ನೆ: ದಿನಾ ರಾತ್ರಿ ಡೈರಿಯಲ್ಲಿ ಆ ದಿನದ ತಪ್ಪುಗಳನ್ನು ಬರೆಯುತ್ತೇನೆ. ಆಮೇಲೆ ನಿದ್ದೆ ಬರುವುದಿಲ್ಲ. – ಶಿರಸಿ

ಬರುವುದಾದರೂ ಹೇಗೆ? ಮಲಗುವ ಹೊತ್ತಿಗೆ ಕೋರ್ಟು ತೆರೆದು ಕೂತಿದ್ದೀರಿ. 'ನಾನು ಯಾಕೆ ಹೀಗೆ' ಅಂತ ಬರೆಯುವುದು ಕೊರಗು, ಅವಲೋಕನ ಅಲ್ಲ. ನಡೆದದ್ದನ್ನು ಒಂದು ಸಾಲು, ನಾಳೆ ಮಾಡುವುದನ್ನು ಒಂದು ಸಾಲು ಬರೆಯಿರಿ. 'ಮಗಳ ಮೇಲೆ ರೇಗಿದೆ. ನಾಳೆ ಆಫೀಸಿನಿಂದ ಬಂದು ಕಾಫಿ ಕುಡಿದ ಮೇಲೇ ಅವಳ ಹೋಂವರ್ಕ್ ನೋಡುವುದು.' ಇಷ್ಟೇ. ಅದೂ ಸಂಜೆ ಏಳಕ್ಕೆ.

ಪ್ರಶ್ನೆ: 21 ದಿನ ಮಾಡಿದರೆ ಅಭ್ಯಾಸ ಆಗುತ್ತದಂತೆ. ನನಗೆ 21 ಆದರೂ ವಾಕಿಂಗ್ ರೂಢಿಯಾಗಿಲ್ಲ. – ದಾವಣಗೆರೆ

ಆ 21 ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ರಿಂದ. ಶಸ್ತ್ರಚಿಕಿತ್ಸೆ ಆದವರಿಗೆ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು 1960ರಲ್ಲಿ ಬರೆದರು. 'ಕಡಿಮೆಯೆಂದರೂ' ಅನ್ನುವುದನ್ನು ಭಾಷಣಕಾರರು ನುಂಗಿದರು. ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ ಅಭ್ಯಾಸದ ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು ಸುಮಾರು 66 ದಿನ. ಒಬ್ಬೊಬ್ಬರದು 18ರಿಂದ 254ರವರೆಗೂ ಇತ್ತು. ಒಂದು ದಿನ ತಪ್ಪಿದರೆ ಏನೂ ಮುಳುಗುವುದಿಲ್ಲ ಎಂದೂ ಕಂಡುಬಂತು. ಚಪ್ಪಲಿ ಹಾಕಿ ಹೊರಡಿ.

ಪ್ರಶ್ನೆ: ಮೊಮ್ಮಗಳಿಗೆ ಮಿಡ್‌ಬ್ರೈನ್ ಆಕ್ಟಿವೇಶನ್ ಕೋರ್ಸ್ ಕೊಡಿಸಬೇಕೆಂದಿದ್ದೇವೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತಾರಂತೆ. – ತುಮಕೂರು

ಮೂಗಿನ ಪಕ್ಕದ ಸಂದಿಯಿಂದ ಇಣುಕುವುದನ್ನು ಮಕ್ಕಳು ಫೀಸಿಲ್ಲದೆ ಕಲಿಯುತ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಎಷ್ಟೋ ಸಲ ಬಯಲು ಮಾಡಿ ತೋರಿಸಿದ್ದಾರೆ. ಮಗುವಿಗೆ ಸುಳ್ಳು ಹೇಳುವುದನ್ನು ದುಡ್ಡು ಕೊಟ್ಟು ಕಲಿಸಬೇಡಿ.

ಪ್ರಶ್ನೆ: ನಾನು ನೋಡಿ ಕಲಿಯುವವಳು, ಕೇಳಿ ಕಲಿಯುವವಳಲ್ಲ. ನನ್ನಂಥವರಿಗೆ ಬೇರೆ ವಿಧಾನ ಇದೆಯೇ? – ಬೆಂಗಳೂರು

ಇಲ್ಲ. ಸಂಗೀತವನ್ನು ಎಲ್ಲರೂ ಕೇಳಿಯೇ ಕಲಿಯಬೇಕು, ನಕ್ಷೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು.

ಪ್ರಶ್ನೆ: ಬೆಳಿಗ್ಗೆ ನಾಲ್ಕಕ್ಕೆ ಏಳದಿದ್ದರೆ ಏಳಿಗೆ ಇಲ್ಲವೇ? – ಧಾರವಾಡ

ನಾನು ಏಳುವುದು ಏಳಕ್ಕೆ.