ರವದಿ ತೇಲುತ್ತಿದ್ದರೆ ಮೋಟಾರಿನ ವೇಗ ಹೆಚ್ಚಿಸಬೇಡಿ

ಜಮಖಂಡಿಯ ಮಿತ್ರರಿಗೆ ಮುಧೋಳದಿಂದ ನಮಸ್ಕಾರ. ಗೋಬರ್ ಗ್ಯಾಸ್ ತೊಟ್ಟಿಗೆ ಸಗಣಿಯೊಡನೆ ಕಬ್ಬಿನ ರವದಿ (ಒಣಗಿದ ಸೋಗೆ) ಹಾಕಿದ ಮೇಲೆ ಗಟ್ಟಿ ಪದರ ಕಟ್ಟಿದೆ, ಕಲಕುವ ರೆಕ್ಕೆಯನ್ನು ನಿಮಿಷಕ್ಕೆ 60 ಸುತ್ತಿನಿಂದ 90ಕ್ಕೆ ಏರಿಸಿದರೂ ಅದು ಒಡೆಯಲಿಲ್ಲ, ಮೋಟಾರು ಮಾತ್ರ ಬಿಸಿಯಾಗುತ್ತಿದೆ ಎಂದು ಬರೆದಿದ್ದೀರಿ. ದಯವಿಟ್ಟು ಇಂದೇ ವೇಗ ಇಳಿಸಿರಿ. ತೆಳುವಾದ ದ್ರವದಲ್ಲಿ ವೇಗ ಒಂದೂವರೆ ಪಟ್ಟಾದರೆ ಬೇಕಾಗುವ ಶಕ್ತಿ ಮೂರು ಪಟ್ಟು ದಾಟುತ್ತದೆ.

ರವದಿಯ ನಾರು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾಗಿದ್ದರೂ ಅದರ ಸೂಕ್ಷ್ಮ ಕೊಳವೆಗಳಲ್ಲಿ ಗಾಳಿ ತುಂಬಿರುವುದರಿಂದ ತೇಲುತ್ತದೆ. ನಾನು ಅರ್ಧ ಇಂಚಿನ ಚೂರುಗಳನ್ನು ಗಾಜಿನ ಭರಣಿಯಲ್ಲಿ ನೆನೆಹಾಕಿ ನೋಡಿದ್ದೇನೆ: ಮೊದಲ ಸಂಜೆ ಎಲ್ಲವೂ ಮೇಲೇ ಇದ್ದು, ಕತ್ತರಿಸಿದ ತುದಿಗಳಿಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿದ್ದವು, ಮೂರನೆಯ ಬೆಳಿಗ್ಗೆ ಬಹುಪಾಲು ತಳ ಸೇರಿತ್ತು. ಆದ್ದರಿಂದ ಸಣ್ಣಗೆ ಕತ್ತರಿಸಿದ ರವದಿಯನ್ನು, ತೊಟ್ಟಿಯಿಂದ ಹೊರಬರುವ ಸ್ಲರಿಯಲ್ಲಿಯೇ ಎರಡು ಮೂರು ದಿನ ಕಲ್ಲು ಹೇರಿ ನೆನೆಸಿ, ಆಮೇಲೆ ಒಳಗೆ ಬಿಡಿರಿ.

ಮಿಶ್ರಣದ ದಪ್ಪವನ್ನೂ ನೋಡಿರಿ. ನಾರುಗಳು ಒಂದಕ್ಕೊಂದು ಹೆಣೆದುಕೊಂಡಾಗ, ಗಟ್ಟಿ ಜುಣಕದಲ್ಲಿ ಸೌಟಿನ ಸುತ್ತಲಿನದಷ್ಟೇ ಅಲುಗಾಡುವಂತೆ, ರೆಕ್ಕೆಯ ಹತ್ತಿರದ ಭಾಗ ಮಾತ್ರ ತಿರುಗಿ ಅಂಚಿನದು ನಿಂತಲ್ಲೇ ನಿಲ್ಲುತ್ತದೆ. ಒಣ ಪದಾರ್ಥ ನೂರಕ್ಕೆ ಹತ್ತು ಪಾಲು ಮುಟ್ಟುವ ಮೊದಲೇ ನೀರು ಕೂಡಿಸುವುದು ಕ್ಷೇಮ.

ಇಷ್ಟಾದ ಮೇಲೂ ಪದರ ಉಳಿದರೆ ರೆಕ್ಕೆಯನ್ನು ಬದಲಿಸಿರಿ. ಅದು ತಿರುಗುವ ವೃತ್ತದ ವ್ಯಾಸವನ್ನು ಕಾಲು ಭಾಗ ಹೆಚ್ಚಿಸಿ ವೇಗವನ್ನು 60ರಿಂದ 40ಕ್ಕೆ ತಂದರೆ, ತೆಳು ದ್ರವದ ಲೆಕ್ಕದಲ್ಲಿ, ಸುಮಾರು ಹತ್ತನೇ ಒಂದು ಪಾಲು ಕಡಿಮೆ ಶಕ್ತಿಯಲ್ಲಿ 30% ಹೆಚ್ಚು ದ್ರವ ಹರಿದಾಡುತ್ತದೆ. ಆದರೆ ದಂಡದ ಮೇಲಿನ ತಿರುಚುವ ಬಲ ಈಗಿನದಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಏರುವುದರಿಂದ ಗೇರ್‌ಬಾಕ್ಸ್ ಅದನ್ನು ತಾಳುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿರಿ. ದಂಡ ದುಂಡು ತೊಟ್ಟಿಯ ನಟ್ಟನಡುವೆ ಇದ್ದರೆ ಎತ್ತು ಗಾಣ ಸುತ್ತಿದಂತೆ ಎಲ್ಲವೂ ಸುತ್ತುತ್ತದೆಯೇ ಹೊರತು ಮೇಲಿನದು ಕೆಳಗಿಳಿಯುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಸಿ, ಕೆಳಮುಖವಾಗಿ ತಳ್ಳುವ ಓರೆ ರೆಕ್ಕೆಯನ್ನು ಮೇಲ್ಮೈಯ ಸಮೀಪ ಕೂಡಿಸಿರಿ. ಈ ಸುತ್ತಾಟ ತಡೆಯಲು ಗೋಡೆಗೆ ಪಟ್ಟಿ ಬೆಸೆಯುವುದೂ ಒಂದು ದಾರಿಯೇ, ಆದರೆ ರವದಿ ಅದಕ್ಕೆ ಸುತ್ತಿಕೊಳ್ಳುತ್ತದೆ.

ಇಡೀ ದಿನ ಕಲಕುವ ಅಗತ್ಯವಿಲ್ಲ. ಅತಿಯಾಗಿ ಕಲಕಿದರೆ ಒಟ್ಟಿಗೆ ಬಾಳುವ ಸೂಕ್ಷ್ಮಜೀವಿಗಳ ಗುಂಪು ಚದುರಿ ಅನಿಲವೇ ಕಡಿಮೆಯಾಗಬಹುದು. ದಿನಕ್ಕೆ ಕೆಲವು ಬಾರಿ, ಹತ್ತು ಹದಿನೈದು ನಿಮಿಷ ಕಲಕಿರಿ.

ಪದರ ಒಡೆಯಲೆಂದು ಯಾರೂ ತೊಟ್ಟಿಗೆ ಇಳಿಯಬಾರದು, ಒಳಗೆ ಇಣುಕಲೂಬಾರದು; ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ. ಭರಣಿಯ ಪರೀಕ್ಷೆ ಮಾಡಿ, ಮೂರನೆಯ ದಿನ ಎಷ್ಟು ತೇಲುತ್ತಿದೆ ಎಂಬುದರ ಚಿತ್ರವನ್ನು ಇಲ್ಲಿ ಹಾಕಿರಿ; ಅದನ್ನು ನೋಡಿ ರೆಕ್ಕೆಯ ಅಳತೆ ಹೇಳುತ್ತೇನೆ.